ಯಾರೂ ಬಿಡಿಸದ ಪುಟ

ಆ ದಿನ ಬೆಳಗ್ಗೆ ಮಂಜು ಎಷ್ಟು ದಟ್ಟವಾಗಿ ಇಳಿದಿತ್ತೆಂದರೆ, ಎದುರುಮನೆಯ ಗೋಡೆಯನ್ನು ಯಾರೋ ಹೊತ್ತುಕೊಂಡು ಹೋದಂತಿತ್ತು. ಹಾಲಿನವನ ಸೈಕಲ್ಲಿನ ಗಂಟೆ ಕೇಳಿಸಿತು, ಹಾಲಿನವನು ಕಾಣಿಸಲಿಲ್ಲ. ಸೊಸೆ ಬಾಗಿಲಲ್ಲಿ ಪಾತ್ರೆ ಹಿಡಿದು ನಿಂತು, ಹಾಲು ಬಿದ್ದ ಸದ್ದಿನ ಮೇಲೇ ಅಳತೆ ಅಂದಾಜು ಮಾಡಿಕೊಂಡು, ಒಳಗೆ ಬಂದು ಒಲೆ ಹಚ್ಚಿದಳು.

ಅಂದು ಸೋಮವಾರ. ಆ ಮನೆಯಲ್ಲಿ ಸೋಮವಾರವೆಂದರೆ ಅತ್ತೆ ಕಾರ್ಡು ತೆಗೆಯುವ ದಿನ.

ಒಂದು ಹಳೆಯ ಬಿಸ್ಕತ್ತಿನ ತಗಡಿನ ಪೆಟ್ಟಿಗೆ. ಅದರೊಳಗೆ ಭವಿಷ್ಯ ನೋಡುವ ಎಪ್ಪತ್ತೆಂಟು ಟ್ಯಾರೊ ಚಿತ್ರದ ಕಾರ್ಡುಗಳು. ಅತ್ತೆಗೆ ಅವು ತಮ್ಮ ಸೋದರತ್ತೆಯಿಂದ ಬಂದವು. ಬೀದಿಯವರು ಯಾವುದಾದರೂ ದೊಡ್ಡ ಹೆಜ್ಜೆ ಇಡುವ ಮುಂಚೆ ಅದಕ್ಕೆ ಸಂಬಂಧಪಟ್ಟ ಕಾಗದವನ್ನು ತಂದು ಆ ಕಾರ್ಡುಗಳ ಅಡಿಯಲ್ಲಿ ಇಟ್ಟು ಹೋಗುತ್ತಿದ್ದರು. ಪ್ರತಿ ಸೋಮವಾರ ಬಂದು ಕೂತರೆ ಅವರ ಪಾಲಿಗೆ ಒಂದು ಕಾರ್ಡು. ಸೂರ್ಯ, ನಕ್ಷತ್ರ, ಲೋಕ, ಈ ಮೂರರಲ್ಲಿ ಒಂದು ಬಂದರೆ ಕಾಗದ ಎತ್ತಿಕೊಂಡು ಮುಂದಿನ ಕೆಲಸ ನೋಡಬಹುದು. ಬರದಿದ್ದರೆ ಕಾಯಬೇಕು. ನಡುವೆ ಕಾಗದ ತೆಗೆದರೆ ಕೇಡು. ಎಪ್ಪತ್ತೆಂಟರಲ್ಲಿ ಮೂರು, ವಾರಕ್ಕೊಂದು ಸಲ ಎಂದರೆ ಎಷ್ಟು ಕಾಯಬೇಕಾದೀತು ಎಂದು ಲೆಕ್ಕ ಹಾಕುವ ಗೋಜಿಗೆ ಯಾರೂ ಹೋಗಿರಲಿಲ್ಲ.

ಎಂಟು ತಿಂಗಳಿಂದ ಆ ಪೆಟ್ಟಿಗೆಯಲ್ಲಿ ಅತ್ತೆಯದೇ ಒಂದು ಚೀಟಿ ಇತ್ತು. ಕಣ್ಣಿನ ಆಸ್ಪತ್ರೆಯ ಚೀಟಿ. ಕಣ್ಣಿನೊಳಗಿನ ಒತ್ತಡ ಜಾಸ್ತಿಯಾಗಿದೆ, ವಾರದೊಳಗೆ ಬನ್ನಿ ಎಂದು ಬರೆದಿತ್ತು.

ಅತ್ತೆ ಚಾಪೆಯ ಮೇಲೆ ಕೂತು ಕಾರ್ಡು ಕಲಸಿದರು. ಎಡಗಡೆ ಸೊಸೆ ತಂದಿಟ್ಟ ಚಹಾದ ಲೋಟ ಅವರ ಮೊಣಕೈ ತಗುಲಿ ಉರುಳಿತು.

"ಇಲ್ಲಿ ಯಾಕೆ ಇಟ್ಟೆ? ಹಾಳು ಮಂಜು, ಏನೂ ಕಾಣಲ್ಲ."

"ಮಂಜು ಹೊರಗಿದೆ ಅತ್ತೆ. ಒಳಗೆ ದೀಪ ಉರೀತಿದೆ."

"ಒಳಗೂ ಬರುತ್ತೆ ಕಣೆ ಮಂಜು. ನಿನಗೆ ಬಾಗಿಲು ಹಾಕೋ ಅಭ್ಯಾಸ ಎಲ್ಲಿದೆ?"

ಒಂದು ಕಾರ್ಡು ತೆಗೆದು ಮೂಗಿನ ಹತ್ತಿರ ಹಿಡಿದು ನೋಡಿದರು. ನಿಟ್ಟುಸಿರು ಬಿಟ್ಟರು. "ಮತ್ತೆ ಅದೇ. ತಲೆಕೆಳಗಾಗಿ ನೇತಾಡೋನು. ಇನ್ನೂ ತಾಳು ಅಂತಿದ್ದಾನೆ."

ನೆಲ ಒರೆಸುತ್ತಿದ್ದ ಸೊಸೆ ತಲೆಯೆತ್ತಿ ನೋಡಿದಳು. ಅತ್ತೆಯ ಕೈಯಲ್ಲಿದ್ದುದು ನೇತಾಡುವವನಲ್ಲ. ಹಳದಿ ಸೂರ್ಯ, ಅದರ ಕೆಳಗೆ ಬಿಳಿ ಕುದುರೆಯ ಮೇಲೊಂದು ಮಗು. ಕಾರ್ಡು ತಿರುಗುಮುರುಗಾಗಿ ಬಂದು ಮಗು ತಲೆಕೆಳಗಾಗಿ ಕಾಣುತ್ತಿತ್ತು, ಅಷ್ಟೆ. ಮೂವತ್ತೈದು ವಾರ ಕಾದ ಸೂರ್ಯ ಬಂದಿದ್ದ. ಅವನು ಬಂದದ್ದನ್ನು ನೋಡುವಷ್ಟು ಕಣ್ಣು ಉಳಿದಿರಲಿಲ್ಲ.

"ಅತ್ತೆ, ಅದು ಸೂರ್ಯ."

ಅತ್ತೆಯ ಮುಖ ಬಿಗಿಯಿತು. "ನಲವತ್ತು ವರ್ಷದಿಂದ ತೆಗೀತಿದ್ದೀನಿ, ನನಗೆ ಗೊತ್ತಿಲ್ವಾ? ಲೈಬ್ರರೀಲಿ ನಾಲ್ಕು ಹರಿದ ಪುಸ್ತಕಕ್ಕೆ ದಾರ ಹಾಕಿದ ತಕ್ಷಣ ವಿದ್ಯೆ ಬಂತು ಅಂದ್ಕೊಂಡ್ಯಾ? ಮೊದಲು ಕಲಿತು ಬಾ. ಆಮೇಲೆ ನನಗೆ ಹೇಳ್ಕೊಡು."

ಮಗ ಬೂಟಿನ ದಾರ ಕಟ್ಟುತ್ತಿದ್ದ. ಅವನು ಲಿಫ್ಟು ರಿಪೇರಿ ಮಾಡುವವನು. ಹೆಂಡತಿ ಅವನ ಕಡೆ ನೋಡಿದಳು. "ನನ್ನ ಮುಖ ಯಾಕೆ ನೋಡ್ತೀಯ?" ಎಂದ ಮೆಲ್ಲಗೆ. "ನಾನು ಎರಡು ಮಹಡಿ ಮಧ್ಯೆ ಸಿಕ್ಕಿಹಾಕ್ಕೊಂಡ ಲಿಫ್ಟು. ಮೇಲೂ ಹೋಗಲ್ಲ, ಕೆಳಗೂ ಇಳಿಯಲ್ಲ."

ಅವಳು ಕೆಲಸಕ್ಕೆ ಹೊರಡುವ ಹೊತ್ತಿಗೆ ಬಿಸಿಲು ಬಿದ್ದಿತ್ತು. ಎದುರುಮನೆಯ ಗೋಡೆಯ ಮೇಲಿನ ಬಿರುಕೂ ಕಾಣುತ್ತಿತ್ತು. ಹಿಂದಿನಿಂದ ಅತ್ತೆ ಕೂಗಿ ಹೇಳಿದರು: "ಹುಷಾರು, ಮಂಜು ಕರಗೋ ತನಕ ರಸ್ತೆ ದಾಟಬೇಡ."

ಅವಳು ಹೊಸ್ತಿಲಲ್ಲಿ ಒಂದು ಗಳಿಗೆ ನಿಂತುಬಿಟ್ಟಳು.

ಅವಳ ಕೆಲಸ ಗ್ರಂಥಾಲಯದ ಹಿಂದಿನ ಕೋಣೆಯಲ್ಲಿ. ಬೆನ್ನು ಮುರಿದ ಪುಸ್ತಕಗಳನ್ನು ಬಿಚ್ಚಿ, ಹೊಲಿದು, ಅಂಟು ಹಾಕಿ, ಭಾರದ ಕೆಳಗೆ ಒತ್ತಿ ಇಡುವುದು. ಹೊರಗೆ ಪುಸ್ತಕ ಕೊಡುವ ಮೇಜಿನಲ್ಲಿ ಒಬ್ಬ ಹಿರಿಯ ಹೆಂಗಸು ಕೂರುತ್ತಿದ್ದರು. ಇಡೀ ದಿನ ಓದುಗರಿಗೆ "ಉಶ್" ಎನ್ನುತ್ತಿದ್ದುದರಿಂದ ಎಲ್ಲರ ಬಾಯಲ್ಲಿ ಅವರು ಉಶ್ಶಮ್ಮ. ಮಾತಾಡುವುದರಲ್ಲಿ ಅವರನ್ನು ಮೀರಿಸುವವರು ಆ ಕಟ್ಟಡದಲ್ಲೇ ಇರಲಿಲ್ಲ.

"ಟ್ಯಾರೊ ಕಲಿಯೋಕೆ ಪುಸ್ತಕ ಬೇಕು. ಏನೂ ಗೊತ್ತಿಲ್ಲದವರು ಓದೋ ಅಂಥದ್ದು," ಎಂದಳು ಸೊಸೆ.

"ನೀನಾ?" ಉಶ್ಶಮ್ಮ ಕನ್ನಡಕ ಮೂಗಿನ ತುದಿಗೆ ಇಳಿಸಿದರು. "ನನ್ನ ನಿವೃತ್ತಿ ಯಾವಾಗ ಅಂತ ಹೇಳ್ತೀಯಾ?"

ಆದರೂ ಎದ್ದುಹೋಗಿ ಮೂರು ಪುಸ್ತಕ ತಂದಿಟ್ಟರು. ಒಂದು ಇಟ್ಟಿಗೆಯಷ್ಟು ದಪ್ಪ, ಕಾರ್ಡಿಗೆ ನಾಲ್ಕು ಪುಟ ಅರ್ಥ. ಇನ್ನೊಂದರ ತುಂಬ ಚಿತ್ರ, ಚಿತ್ರದ ಕೆಳಗೆ ಎರಡೆರಡು ಸಾಲು. ಮೂರನೆಯದು ತೆಳ್ಳಗಿತ್ತು; ದಿನಕ್ಕೊಂದು ಕಾರ್ಡು ನೋಡಿ, ನಿಮಗೆ ಹೊಳೆದದ್ದನ್ನು ನೋಟ್ ಪುಸ್ತಕದಲ್ಲಿ ಬರೆಯಿರಿ ಎಂದು ಹೇಳುವಂಥದ್ದು.

ಪುಸ್ತಕ ಹೊಲಿಯುವವರು ಮೊದಲು ಅಕ್ಷರ ಓದುವುದಿಲ್ಲ, ಅಂಚು ನೋಡುತ್ತಾರೆ. ಬೆರಳಿನ ಕೊಳೆ ಎಲ್ಲಿ ದಟ್ಟವಾಗಿ ಕೂತಿದೆಯೋ ಅಲ್ಲಿ ಜನ ತಿರುತಿರುಗಿ ಹೋಗಿದ್ದಾರೆಂದು ಅರ್ಥ. ಮೂರು ಪುಸ್ತಕಗಳಲ್ಲೂ ಕಪ್ಪಾಗಿದ್ದುದು ಸಾವು, ಮದುವೆ, ಕಾಯಿಲೆಯ ಮಾತು ಬರುವ ಪುಟಗಳು.

ಅವಳು ತಿರುಗುಮುರುಗಾದ ಸೂರ್ಯನನ್ನು ಹುಡುಕಿದಳು. ದಪ್ಪ ಪುಸ್ತಕ ಕತ್ತಲೆ ಎಂದಿತು. ಚಿತ್ರದ ಪುಸ್ತಕ, ಸಂತೋಷ ಬರುತ್ತದೆ, ತುಸು ತಡ ಎಂದಿತು. ತೆಳ್ಳಗಿನದು, ಹೇಗೆ ಬಂದರೂ ಸೂರ್ಯ ಸೂರ್ಯನೇ, ತಿರುಗುಮುರುಗು ಲೆಕ್ಕಕ್ಕಿಲ್ಲ ಎಂದಿತು.

ತೆಳ್ಳಗಿನ ಪುಸ್ತಕದ ಮೊದಲ ಭಾಗದಲ್ಲಿ ಅವಳ ಹೆಬ್ಬೆರಳು ತಡೆಯಿತು. ಎರಡು ಹಾಳೆಗಳು ಮೇಲಂಚಿನಲ್ಲಿ ಒಂದಕ್ಕೊಂದು ಕೂಡಿಕೊಂಡೇ ಇದ್ದವು. ಅಚ್ಚಿನ ಮನೆಯಲ್ಲಿ ಕತ್ತರಿಸುವಾಗ ಬ್ಲೇಡು ತಪ್ಪಿದರೆ ಹೀಗಾಗುತ್ತದೆ, ಓದುವವರೇ ಸೀಳಿಕೊಳ್ಳಬೇಕು. ಪುಸ್ತಕದ ಕೊನೆಗೆ ಅಂಟಿಸಿದ ಚೀಟಿಯಲ್ಲಿ, ಓದುಗರು ಅದನ್ನು ಒಯ್ದ ಹನ್ನೊಂದು ವರ್ಷದ ತಾರೀಕುಗಳ ಮುದ್ರೆ ಇತ್ತು. ಹನ್ನೊಂದು ವರ್ಷದಲ್ಲಿ ಒಬ್ಬರೂ ಸೀಳಿರಲಿಲ್ಲ. ಅವಳು ಚಾಕು ತಂದು ಮಡಿಕೆ ಬಿಡಿಸಿದಳು. ಒಳಗಿನ ಪುಟ ನಿನ್ನೆ ಅಚ್ಚಾದಂತೆ ಬೆಳ್ಳಗಿತ್ತು.

"ಮೈಯ ಕಾಯಿಲೆಯನ್ನು ಕಾರ್ಡುಗಳ ಮುಂದೆ ಇಡಬೇಡಿ. ವೈದ್ಯರ ಬಳಿಗೆ ಹೋಗಿ. ಕಲಿಯುವವರು ಮೊದಲು ಕಲಿಯಬೇಕಾದದ್ದು ಇದನ್ನೇ."

ಉಶ್ಶಮ್ಮ ಹೆಗಲ ಮೇಲಿಂದ ಬಗ್ಗಿ ಓದಿದರು. ವಿಷಯವೆಲ್ಲ ಕೇಳಿಕೊಂಡ ಮೇಲೆ, "ಇಷ್ಟೇನಾ? ಇದನ್ನೇ ತಗೊಂಡು ಹೋಗು," ಎಂದರು. "ಸೂರ್ಯ ಹೋಗು ಅಂತಿದ್ದಾನೆ ಅಂತ ಓದು. ಆಸ್ಪತ್ರೆಗೆ ಹೋಗ್ತಾರೆ, ಮುಗೀತು. ದಪ್ಪದ್ದು ಇದೆ ಅಂತಾನೇ ಹೇಳ್ಬೇಡ."

ಅವಳು ಅಂಟಿನ ಕುಂಚವನ್ನು ಕೆಳಗಿಟ್ಟಳು. "ಇವತ್ತು ಹೋಗ್ತಾರೆ ಅಮ್ಮ. ಆದ್ರೆ ಈ ಕಾಯಿಲೆಗೆ ಸಾಯೋವರೆಗೂ ದಿನಾ ಕಣ್ಣಿಗೆ ಔಷಧಿ ಹನಿ ಹಾಕ್ಬೇಕಂತೆ. ನಾಳೆ ಬೇರೆ ಕಾರ್ಡು ಬಂದು ಬೇಡ ಅಂದ್ರೆ? ಕಾರ್ಡು ಕಳಿಸಿದ್ದನ್ನ ಕಾರ್ಡೇ ವಾಪಸ್ ಕರೆಯುತ್ತೆ."

ಮೂರನ್ನೂ ಹೊತ್ತುಕೊಂಡು ಮನೆಗೆ ಹೋದಳು.

ಸಂಜೆ ಮೂರನ್ನೂ ಅತ್ತೆಯ ಮುಂದಿಟ್ಟು, ಸೂರ್ಯನ ಪುಟಗಳನ್ನೂ ಆ ಬಿಳಿ ಪುಟವನ್ನೂ ಒಂದಾದಮೇಲೊಂದು ಓದಿದಳು, ಧ್ವನಿ ಏರಿಸದೆ, ಇಳಿಸದೆ. ಅತ್ತೆ ಕಣ್ಣು ಮುಚ್ಚಿ ಕೇಳಿದರು.

"ಪುಸ್ತಕ ಬರೆದೋರು ಮೂರು ಜನ, ಮೂರು ಥರ ಬರೀತಾರೆ. ಅದಕ್ಕೇ ಗುರು ಬೇಕು ಅನ್ನೋದು. ಇರಲಿ, ಅಕ್ಷರ ಬಲ್ಲವಳು ನೀನು, ಬೇಗ ಕಲೀತೀಯ. ಇನ್ಮೇಲೆ ನೀನೇ ನನ್ನ ಕಣ್ಣು. ಅರ್ಥ ನಾನು ಹೇಳ್ತೀನಿ. ತೆಗಿ ಒಂದು ಕಾರ್ಡು."

"ತೆಗೆಯಲ್ಲ ಅತ್ತೆ."

ಆ ಮನೆಯಲ್ಲಿ ಆ ಮಾತು ಅದೇ ಮೊದಲು. ಮಗ ಕೈಯಲ್ಲಿದ್ದ ಸ್ಪ್ಯಾನರ್ ಕೆಳಗಿಟ್ಟ.

"ನಾನು ನಿಮ್ಮ ಕಣ್ಣಾಗಲ್ಲ. ನಿಮ್ಮ ಕಣ್ಣು ನಿಮಗೇ ಇರಲಿ. ದೇವರು ಕಣ್ಣು ಕೊಟ್ಟ, ಕಣ್ಣು ನೋಡೋ ಡಾಕ್ಟರನ್ನೂ ಕೊಟ್ಟ. ಮಧ್ಯೆ ಈ ಪೆಟ್ಟಿಗೆ ತಂದಿಟ್ಟಿದ್ದು ನಾವು."

"ದೇವರ ಮಾತೇ ಅದರಲ್ಲಿ ಬರೋದು!"

"ದೇವರು ನಿಮಗೆ ಏನಾದ್ರೂ ಹೇಳ್ಬೇಕು ಅಂದ್ರೆ ನಿಮಗೆ ಕಾಣಿಸದ ಹಾಗೆ ಹೇಳ್ತಾನಾ ಅತ್ತೆ?"

ಸೊಸೆ ಕಾರ್ಡುಗಳನ್ನು ಎತ್ತಿ ಪಕ್ಕಕ್ಕಿಟ್ಟು, ತಳದಲ್ಲಿದ್ದ ಕಾಗದಗಳನ್ನು ಹೊರತೆಗೆದಳು. "ತೆಗೀಬೇಡ, ಕೇಡು" ಎಂದು ಅತ್ತೆ ಕೈ ಚಾಚಿದರು. ಕೈ ಪೆಟ್ಟಿಗೆಯಿಂದ ಒಂದು ಗೇಣು ಆಚೆ ಗಾಳಿಯನ್ನು ಹಿಡಿಯಿತು.

ಮೊದಲಿಗೆ ಕಣ್ಣಿನ ಚೀಟಿ ಸಿಕ್ಕಿತು. ಅದರ ಕೆಳಗೆ ಇನ್ನೂ ಇದ್ದವು. ಅವಳು ತಾರೀಕು ಸಮೇತ ಓದುತ್ತಾ ಹೋದಳು. ಟೈಲರ್ ಹೆಂಗಸಿನ ಮಗಳು ನರ್ಸಿಂಗ್ ಸೇರಲು ತುಂಬಿದ ಅರ್ಜಿ. ಕೊನೆಯ ದಿನ ಮುಗಿದು ಆರು ತಿಂಗಳು. ಬಸ್ ಡ್ರೈವರನಿಗೆ ಬೇರೆ ಡಿಪೋಗೆ ವರ್ಗ ಬೇಕೇ ಎಂದು ಕೇಳಿ ಬಂದ ಪತ್ರ, ಬಂದು ಒಂದು ವರ್ಷ. ಆಮೇಲೆ ನಾಲ್ಕಾಗಿ ಮಡಿಸಿದ ಒಂದು ಆಸ್ಪತ್ರೆಯ ಚೀಟಿ.

"ಎದೆಯಲ್ಲಿ ಗಂಟು. ಕೂಡಲೇ ಪರೀಕ್ಷೆ ಮಾಡಿಸಬೇಕು." ಅವಳು ಹೆಸರಿನ ಜಾಗ ನೋಡಿ ನಿಲ್ಲಿಸಿದಳು.

"ಯಾರದು?" ಎಂದರು ಅತ್ತೆ.

"ಮೂಲೆಯ ಇಸ್ತ್ರಿಯವನ ಹೆಂಡತಿದು."

ಇಸ್ತ್ರಿಯವನ ಹೆಂಡತಿ ತೀರಿಕೊಂಡು ಎರಡು ತಿಂಗಳಾಗಿತ್ತು. ಪ್ರತಿ ಸೋಮವಾರ ಬಂದು, ಗೋಡೆಗೆ ಒರಗಿ ಕೂತು, ಒಂದು ಕಾರ್ಡು ತೆಗೆಸಿಕೊಂಡು, "ಮುಂದಿನ ವಾರ ನೋಡೋಣ ಬಿಡಿ ಅಕ್ಕ" ಎಂದು ನಗುತ್ತಲೇ ಎದ್ದುಹೋಗುತ್ತಿದ್ದಳು. ಆಮೇಲೆ ಬರುವುದು ನಿಂತಿತು.

"ಅದು... ಇನ್ನೂ ಇಲ್ಲೇ ಇದೆಯಾ?" ಅತ್ತೆಯ ಧ್ವನಿ ಸಣ್ಣದಾಗಿತ್ತು. "ತಗೊಂಡು ಹೋದಳು ಅಂದ್ಕೊಂಡಿದ್ದೆ."

ಅತ್ತೆ ಕೈ ಚಾಚಿ ಆ ಚೀಟಿಯನ್ನು ಇಸಿದುಕೊಂಡರು. ಕಣ್ಣಿನ ಹತ್ತಿರ ತಂದರು, ದೂರ ಹಿಡಿದರು, ಮತ್ತೆ ಹತ್ತಿರ ತಂದರು. ಒಂದು ಅಕ್ಷರವೂ ಕಾಣಲಿಲ್ಲ. ಅದನ್ನು ಮತ್ತೆ ನಾಲ್ಕಾಗಿ ಮಡಿಸುತ್ತಾ, "ನಾಳೆ ಎಷ್ಟು ಹೊತ್ತಿಗೆ ತೆಗೀತಾರೆ ಆಸ್ಪತ್ರೆ?" ಎಂದು ಕೇಳಿದರು.

"ನಾನು ರಜ ಹಾಕ್ತೀನಿ ಅಮ್ಮ," ಎಂದ ಮಗ. ಎರಡು ಮಹಡಿಯ ಮಧ್ಯೆ ನಿಂತಿದ್ದ ಲಿಫ್ಟು ಅಂತೂ ಕದಲಿತ್ತು.

ಮರುದಿನ ಆಸ್ಪತ್ರೆಯಲ್ಲಿ ಗೊತ್ತಾಯಿತು: ಅತ್ತೆಯ ಎಡಗಣ್ಣು ಹೋಗಿತ್ತು. ಹೋದ ನೋಟ ಬರುವುದಿಲ್ಲ, ಉಳಿದದ್ದನ್ನು ಉಳಿಸಿಕೊಳ್ಳಬಹುದು ಎಂದು ಕಣ್ಣಿನ ಡಾಕ್ಟರು ಮುಚ್ಚುಮರೆಯಿಲ್ಲದೆ ಹೇಳಿದರು. ಬಲಗಣ್ಣಿಗೆ ಬೆಳಗ್ಗೆ ಒಂದು ಹನಿ, ಸಂಜೆ ಒಂದು ಹನಿ. ಕೆಲವು ವಾರದಲ್ಲಿ ಒತ್ತಡ ಇಳಿದು ಬಲಗಣ್ಣಿನ ಮಸುಕು ತುಸು ತಿಳಿಯಾದ ಮೇಲೆ ಅತ್ತೆ ಎದುರುಮನೆಯ ಗೋಡೆಯ ಬಿರುಕನ್ನು ನೋಡಿ, "ಇದು ಯಾವಾಗಿಂದ ಇದೆ?" ಎಂದರು.

ಸೊಸೆ ಮೂರು ಪುಸ್ತಕಗಳನ್ನೂ ಗ್ರಂಥಾಲಯಕ್ಕೆ ಮರಳಿಸಿದಳು. ತೆಳ್ಳಗಿನದನ್ನು ಬಿಚ್ಚಿ ಹೊಸದಾಗಿ ಹೊಲಿದು, ಎಲ್ಲಿ ಹಿಡಿದು ತೆರೆದರೂ ಮೊದಲು ಆ ಬಿಳಿ ಪುಟವೇ ಬಿಚ್ಚಿಕೊಳ್ಳುವಂತೆ ಬೆನ್ನು ಒತ್ತಿ ಇಟ್ಟಳು.

ಒಂದು ಸೋಮವಾರ ಪೆಟ್ಟಿಗೆಯ ಕಾಗದಗಳನ್ನು ಹಿಂದಿರುಗಿಸಲು ಅತ್ತೆ ತಾವೇ ಹೊರಟರು. "ನಾನೂ ಬರ್ಲಾ?" ಎಂದ ಸೊಸೆಗೆ, "ಬೇಡ ಕಣೆ. ಇಟ್ಕೊಂಡೋಳು ನಾನು," ಎಂದರು. ಟೈಲರ್ ಹೆಂಗಸಿಗೆ ಅರ್ಜಿ ಕೊಟ್ಟು, "ಬರೋ ವರ್ಷ ಕಾರ್ಡು ಕೇಳಬೇಡ, ಹುಡುಗಿಯನ್ನ ಕೇಳು," ಎಂದರು. ಡ್ರೈವರನ ಪತ್ರ ಅವನ ಹೆಂಡತಿಯ ಕೈಗೆ ಹೋಯಿತು. ಅವಳು ಬಾಗಿಲನ್ನು ತುಸು ಜೋರಾಗಿಯೇ ಹಾಕಿಕೊಂಡಳು. ಕೊನೆಗೆ, ಗೋಡೆ ಹಿಡಿದುಕೊಂಡು, ಮೂಲೆಯ ಇಸ್ತ್ರಿ ಮೇಜಿನ ಹತ್ತಿರ ಬಂದು ನಿಂತರು.

"ಬಟ್ಟೆ ಇನ್ನೂ ಆಗಿಲ್ಲ ಅಕ್ಕ," ಎಂದ ಅವನು, ತಲೆಯೆತ್ತದೆ.

ಅತ್ತೆ ಸೆರಗಿನ ತುದಿಯಿಂದ ಬಿಚ್ಚಿ, ನಾಲ್ಕಾಗಿ ಮಡಿಸಿದ ಚೀಟಿಯನ್ನು ಮೇಜಿನ ಮೇಲೆ ಇಟ್ಟರು. ಅವನು ಬಿಡಿಸಿ ಓದಿದ. ತಾರೀಕಿನ ಮೇಲೆ ಅವನ ಬೆರಳು ನಿಂತಿತು. ಇಸ್ತ್ರಿ ಪೆಟ್ಟಿಗೆಯನ್ನು ಎತ್ತಿ ದೂರ ಇಟ್ಟು, ಬರಿಗೈಯಿಂದಲೇ ಆ ಕಾಗದದ ಸುಕ್ಕುಗಳನ್ನು ನೀವಿ ನೇರ ಮಾಡತೊಡಗಿದ. ಅತ್ತೆ ಹೋಗಲಿಲ್ಲ. ಉಳಿದ ಒಂದು ಕಣ್ಣಿನಿಂದ ಆ ಕೈಯನ್ನೇ ನೋಡುತ್ತಾ ನಿಂತರು.