ಅಪ್ಪನ ಬಾಯಲ್ಲಿ ಉಳಿದ ಅಂಕಿ

ಮೂನ್ ನದಿಯ ದಡದ ನಮ್ಮೂರಲ್ಲಿ ಅಪ್ಪ ಉಥೈ ಕ್ಷೌರದಂಗಡಿ ಇಟ್ಟಿದ್ದ. ಒಂದು ಬೆಳಗ್ಗೆ ಯಾರದೋ ಗಡ್ಡಕ್ಕೆ ನೊರೆ ಹಚ್ಚುತ್ತಿದ್ದವನು ಹಾಗೇ ಬಲಮಗ್ಗುಲಾಗಿ ಕುರ್ಚಿಯ ಕಬ್ಬಿಣದ ಕಾಲಿನ ಮೇಲೆ ಬಿದ್ದ. ಲಕ್ವ ಹೊಡೆದಿತ್ತು. ಆಸ್ಪತ್ರೆಯವರು ಜೀವ ಉಳಿಸಿ ಮನೆಗೆ ಕಳಿಸಿದರು. ಬಲಗೈ, ಬಲಗಾಲು ಬಿದ್ದುಹೋಗಿದ್ದವು. ಊರಿಗೆಲ್ಲ ಕತೆ ಹೇಳುತ್ತಿದ್ದ ಬಾಯಲ್ಲಿ ಉಳಿದದ್ದು ಒಂದೇ ದನಿ: "ಜೆ..." ಅದರ ಕೊನೆಯ ಅಕ್ಷರ ಗಂಟಲಲ್ಲೇ ಮುಳುಗುತ್ತಿತ್ತು.

ನಮ್ಮ ಮಾತಿನಲ್ಲಿ ಜೆಟ್ ಅಂದರೆ ಏಳು. ಜೆಪ್ ಅಂದರೆ ನೋವು.

ಪಕ್ಕದ ಮನೆಯ ಪ್ರಾನಿ ಅತ್ತೆ ಗಂಜಿ ಕೊಡಲು ಬಂದವಳು ಆ ದನಿ ಕೇಳಿಸಿಕೊಂಡು ಹೋಗಿ, ಏಳರಲ್ಲಿ ಮುಗಿಯುವ ಲಾಟರಿ ಚೀಟಿ ಕೊಂಡಳು. ಅದಕ್ಕೇ ಬಹುಮಾನ ಬಂತು. ಅವಳು ಹೊಸ ಫ್ಯಾನು ತಂದು ಅಪ್ಪನ ತಲೆದೆಸೆಯಲ್ಲಿಟ್ಟು ಕೈಮುಗಿದಳು. ಆಮೇಲೆ ಊರೇ ಬಂತು. ಗುಡಿಗೆ ಇಡುವಂತೆ ಕೆಂಪು ಸೋಡಾ ಬಾಟಲಿಗಳನ್ನು ಹಾಸಿಗೆಯ ಸುತ್ತ ಇಟ್ಟು, ಊದುಬತ್ತಿ ಹಚ್ಚಿ, ಅಪ್ಪನ ತುಟಿಯನ್ನೇ ನೋಡುತ್ತ ಕೂರುತ್ತಿದ್ದರು. ಮುಂದಿನ ಸಲ ಏಳು ಬರಲಿಲ್ಲ. ಉಥೈ ಎರಡು ಸಲ ಅಂದಿದ್ದ, ನಾವೇ ಕೂಡಿಸಿಕೊಳ್ಳಬೇಕಿತ್ತು ಎಂದು ಅವರವರೇ ಸಮಾಧಾನ ಮಾಡಿಕೊಂಡರು.

ಅಪ್ಪನನ್ನು ತೊಳೆದು ಮಗ್ಗುಲು ಬದಲಿಸುತ್ತಿದ್ದವಳು ನಾನು. ಒಂದು ಸಂಗತಿ ನನಗೆ ನಿಧಾನವಾಗಿ ಹೊಳೆಯಿತು. ಪ್ರಾನಿ ಅತ್ತೆಯನ್ನು ಕೂರಿಸಿಕೊಂಡು ಹೇಳಿದೆ.

"ಅತ್ತೆ, ಬಲಕ್ಕೆ ಹೊರಳಿಸಿದಾಗ ಮಾತ್ರ ಅಪ್ಪ ಅದನ್ನ ಅಂತಾನೆ. ಎಡಕ್ಕೆ ತಿರುಗಿಸಿದ್ರೆ ಅನ್ನಲ್ಲ, ಸುಮ್ನೆ ಮಲಗಿದ್ರೂ ಅನ್ನಲ್ಲ. ಅಂಕಿ ಹೇಳೋನಿಗೆ ಎಡ ಬಲ ಯಾಕೆ ಬೇಕು? ಅವನಿಗೆ ಅಲ್ಲಿ ನೋಯ್ತಿದೆ."

ಅವಳು ಯೋಚಿಸಿದಳು. ಅರ್ಥವಾಯಿತೆಂದೇ ನಾನು ತಿಳಿದೆ.

"ಬಲ ಅಂದ್ರೆ ಶುಭ ಅಲ್ವೇನೇ ಚಂಪಿ," ಅಂದಳು. "ಅದಕ್ಕೇ ಇರ್ಬೇಕು."

ಅಮ್ಮನಿಗೂ ಹೇಳಿದೆ. ಅಂಗಡಿ ಮುಚ್ಚಿದ ಮೇಲೆ ನಮ್ಮ ಮೆಟ್ಟಿಲು ಹತ್ತುವವರೇ ಇರಲಿಲ್ಲ. ಈಗ ಹೊತ್ತು ಮೂಡಿದರೆ ಮನೆ ತುಂಬ ಜನ, ಮಾತು, ನಗೆ. ಅಮ್ಮ ತಲೆ ಬಾಚಿಕೊಂಡು ಎಲ್ಲರಿಗೂ ನೀರು ಕೊಡುತ್ತಿದ್ದಳು. ಈ ಸಲದ ಲಾಟರಿ ಮುಗಿಯಲಿ, ಆಮೇಲೆ ಆಸ್ಪತ್ರೆಗೆ ಹೋದರಾಯಿತು ಅಂದಳು.

ಮರುದಿನ ನಾನು ಸಂತೆಯಿಂದ ಬಂದಾಗ ಮೆಟ್ಟಿಲ ಕೆಳಗೆ ಚಪ್ಪಲಿಗಳ ರಾಶಿ. ಒಳಗೆ ಇಬ್ಬರು ಗಂಡಸರು ಅಪ್ಪನ ಭುಜ, ತೊಡೆ ಹಿಡಿದು ಬಲಕ್ಕೆ ಹೊರಳಿಸುತ್ತಿದ್ದರು. ನಾನು ಹೇಳಿದ್ದು ಪ್ರಾನಿ ಅತ್ತೆಯಿಂದ ಊರಿಗೆಲ್ಲ ತಲುಪಿತ್ತು. ಅಪ್ಪ "ಜೆ... ಜೆ..." ಎನ್ನುತ್ತಿದ್ದ, ಕಣ್ಣೀರು ಕಿವಿಯೊಳಗೆ ಇಳಿಯುತ್ತಿತ್ತು. ಜನ ಎಣಿಸುತ್ತಿದ್ದರು. ನಾನು ನುಗ್ಗಿ ಅವರ ಕೈ ಕಿತ್ತೆ. ಅಪ್ಪನ ಏಳನ್ನು ಮಗಳು ತನಗೊಬ್ಬಳಿಗೇ ಇಟ್ಟುಕೊಳ್ಳುತ್ತಾಳೆ ಎಂದು ಹಿಂದಿನಿಂದ ಯಾರೋ ಗೊಣಗಿದರು.

ಈಗಲೇ ಆಸ್ಪತ್ರೆಗೆ ಹೋಗಬೇಕೆಂದು ಹಟ ಹಿಡಿದೆ. ಅಂದೇ ಪ್ರಾನಿ ಅತ್ತೆಯ ಗಂಡನೇ ತನ್ನ ಪಿಕಪ್‌ನಲ್ಲಿ ನಮ್ಮನ್ನು ಆಸ್ಪತ್ರೆಗೆ ಒಯ್ದ. ಪಾಪ, ದಾರಿಯುದ್ದಕ್ಕೂ ಗುಂಡಿ ತಪ್ಪಿಸಿ ಓಡಿಸಿದ. ಡಾಕ್ಟರು ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದರು. ಬಲಸೊಂಟದ ಮೂಳೆ ಮುರಿದಿದೆ, ಬಿದ್ದ ದಿನವೇ ಮುರಿದಿರಬೇಕು ಅಂದರು. ಈಗ ಕೊಯ್ದು ಕೂಡಿಸಲು ಅವನ ಎದೆ ತಡೆಯದು ಎಂದು ನೋವಿನ ಮಾತ್ರೆ ಬರೆದು, ಎರಡು ದಿನ ಇಟ್ಟುಕೊಂಡು ಕಳಿಸಿದರು.

ಮನೆಗೆ ತಂದು ಮಲಗಿಸುವಾಗಲೇ ಪ್ರಾನಿ ಅತ್ತೆ ಬಂದಳು. ಮೂಳೆ ಮುರಿದ ಸುದ್ದಿ ಕೇಳಿ ನಿಜವಾಗಿಯೂ ಅತ್ತಳು. ಅಪ್ಪನ ಪಾದ ಒತ್ತಿದಳು. ಬರಿಗೈಯಿಂದಲೇ ಮೂಗು ಒರೆಸಿಕೊಂಡು, ದನಿ ತಗ್ಗಿಸಿ ಅಮ್ಮನನ್ನು ಕೇಳಿದಳು:

"ಆಸ್ಪತ್ರೇಲಿ ಎಷ್ಟನೇ ನಂಬರ್ ಮಂಚ ಕೊಟ್ಟಿದ್ರು, ಅಕ್ಕ?"

ಅಮ್ಮ ನನ್ನ ಕಡೆ ನೋಡಲಿಲ್ಲ. ಹೇಳಿಬಿಟ್ಟಳು.

ಅಪ್ಪ ಮಾತ್ರೆಯ ಮಂಪರಿನಲ್ಲಿ ಬಾಯಿ ತೆರೆದು ಮಲಗಿದ್ದ. ಹೊರಗೆ ಮೆಟ್ಟಿಲ ಬಳಿ ಜನ ಚಪ್ಪಲಿ ಬಿಡುವ ಸದ್ದು. ನಾನು ಬಾಗಿಲಿಗೆ ಅಡ್ಡ ನಿಂತೆ. ಎಲ್ಲರೂ ನಮ್ಮವರೇ, ಅಪ್ಪನ ಕತ್ತರಿಗೆ ತಲೆ ಕೊಟ್ಟವರೇ. "ಸ್ವಲ್ಪ ಸರಿಯಮ್ಮ," ಎನ್ನುತ್ತ ಬಹಳ ಮೆಲ್ಲಗೆ, ನನಗೆ ತಾಗದಂತೆ, ಒಬ್ಬೊಬ್ಬರೇ ಒಳಗೆ ಬಂದರು.