ತೊಳೆದ ಕೈಮ

ವೆಂಕಟ್‌ಗೆ ಬರುತ್ತಿದ್ದದ್ದು ಮೂರೇ ಮೂರು ಅಡುಗೆ. ಮೂರೂ ಕುರಿ ಕೈಮದವು. ಮಂಗಳವಾರ ಆಲೂಗಡ್ಡೆ ಹಾಕಿ ಬೇಯಿಸಿದ್ದು, ಬುಧವಾರ ಮೆಂತ್ಯಸೊಪ್ಪು ಹಾಕಿ ಹುರಿದದ್ದು, ಶುಕ್ರವಾರ ಮೊಟ್ಟೆ ಒಡೆದು ಕಲಸಿ ಚಪಾತಿಯಲ್ಲಿ ಸುತ್ತಿದ್ದು. ಮಾಂಸ ಮುಟ್ಟದ ದಿನಗಳಿಗೆ ಹೆಂಡತಿ ಬೇಳೆ ಸಾರು ಮಾಡಿಟ್ಟು ಹೋಗುತ್ತಿದ್ದಳು.

ಹೆಂಡತಿ ಮೌನಿಕಾ ಮುಳಬಾಗಿಲಿನ ಆಸ್ಪತ್ರೆಯೊಂದರಲ್ಲಿ ನರ್ಸ್. ಮೂರು ತಿಂಗಳಿಂದ ಅವಳಿಗೆ ಮಧ್ಯಾಹ್ನದ ಪಾಳಿ, ಕೋಲಾರದ ಮನೆ ಸೇರುವಾಗ ಹತ್ತು ದಾಟುತ್ತಿತ್ತು. ವೆಂಕಟ್ ಟೊಮೆಟೊ ಮಂಡಿಯಲ್ಲಿ ಹರಾಜು ಕೂಗುವವನು. ಬೆಳಗಿನಿಂದ ಕೂಗಿ ಗಂಟಲು ಕಟ್ಟಿಸಿಕೊಂಡು ನಾಲ್ಕಕ್ಕೆಲ್ಲ ಮನೆಗೆ ಬರುತ್ತಿದ್ದ. ಹಾಗಾಗಿ ಎಂಟು ವರ್ಷದ ಮಗಳು ಶ್ರೀವಾಣಿಗೆ ಸಂಜೆ ಉಣ್ಣಿಸುವುದು ಅವನ ಪಾಲಿಗೆ ಬಂತು. ಕೈಮ ಅವನಿಗೆ ಒಗ್ಗಿತು. ಅರ್ಧ ಗಂಟೆಯಲ್ಲಿ ಬೇಯುತ್ತದೆ, ಮಗು ಮೂಳೆ ನುಂಗೀತೆಂಬ ಭಯವಿಲ್ಲ, ಕೆಟ್ಟರೂ ಪೂರ್ತಿ ಕೆಡುವುದಿಲ್ಲ.

ತೊಂದರೆ ಬಂದದ್ದು ಹೆಂಡತಿಯ ತವರು ಟೇಕಲ್‌ನಿಂದ. ಕೆಮ್ಮು ಬಂದು ಮೊಮ್ಮಗಳು ಇಳಿದುಹೋಗಿದ್ದಾಳೆಂದು ಯಾರೋ ಹೇಳಿದ್ದನ್ನು ಕೇಳಿ ಅತ್ತೆ ಬೈರಮ್ಮ ಫೋನ್ ಮಾಡಿದಳು. ಅಳಿಯನನ್ನು ಅವಳು ತೆಲುಗಿನಲ್ಲಿ ಅಲ್ಲುಡು ಎಂದೇ ಕರೆಯುವುದು.

"ಅಲ್ಲುಡೂ, ಗಂಡಸು ಒಲೆ ಮುಂದೆ ನಿಂತು ಮಗು ಬೆಳೆಸಿದ್ದನ್ನ ನಾನಂತೂ ಕಂಡಿಲ್ಲ. ಬುಧವಾರ ಬರ್ತೀನಿ. ನೋಡ್ತೀನಿ. ಸರಿ ಕಾಣ್ಲಿಲ್ಲಾಂದ್ರೆ ಕರ್ಕೊಂಡ್ ಹೋಗ್ತೀನಿ. ಇಲ್ಲೂ ಇಸ್ಕೂಲೈತೆ."

ಹೇಳಿದರೆ ಮಾಡುವ ಹೆಂಗಸು. ಮೌನಿಕಾಳ ಅಕ್ಕನ ಮಗನನ್ನು ಹೀಗೇ ಕರೆದುಕೊಂಡು ಹೋಗಿ ಎರಡು ವರ್ಷ ಇಟ್ಟುಕೊಂಡಿದ್ದಳು. ವಾಪಸ್ ಬಂದ ಹುಡುಗ ಅಪ್ಪನನ್ನು ಹೊರಗಿನವರಂತೆ 'ರೀ' ಎಂದು ಕರೆಯುತ್ತಿದ್ದ. ಅದಕ್ಕಿಂತ ಹೆಚ್ಚಾಗಿ ವೆಂಕಟ್‌ನನ್ನು ಕೊರೆದದ್ದು ಮೌನಿಕಾಳ ಮಾತು. ಚಪ್ಪಲಿ ಬಿಡುತ್ತಾ, "ಒಂದು ವರ್ಷ ಇದ್ದು ಬರ್ಲಿ ಬಿಡಿ. ನೀವು ಎಷ್ಟೂಂತ ಮಾಡ್ತೀರಾ?" ಎಂದಿದ್ದಳು.

ಬುಧವಾರ ಮಂಡಿಯಿಂದ ನೇರ ಹಬೀಬುಲ್ಲಾನ ಮಾಂಸದಂಗಡಿಗೆ ಹೋದ.

"ತೊಡೆ ಅರ್ಧ ಕೇಜಿ. ಮಿಷನ್‌ಗೆ ಎರಡು ಸಲ ಹಾಕು."

"ಏನಣ್ಣಾ, ಇವತ್ತು ಮೆಂತ್ಯ ಅಲ್ವಾ?"

"ಉಂಡೆ ಸಾರು. ಅತ್ತೆ ಬರ್ತವ್ರೆ."

ಹಬೀಬುಲ್ಲಾ ಕತ್ತಿ ಕೆಳಗಿಟ್ಟು ನಕ್ಕ. "ತುಂಡು ಇದ್ದಾಗ್ಲೇ ತೊಳೆದು ಒರೆಸಿದ್ದೀನಿ. ಮನೇಲಿ ಮತ್ತೆ ತೊಳೀಬೇಡ. ಕೈಮ ನೀರು ಕುಡಿದ್ರೆ ಉಂಡೆ ಖತಂ. ಅತ್ತೆ ಮುಂದೆ ನಿನ್ ಇಜ್ಜತ್ತೂ ಖತಂ."

ಕೈಮ ಉಂಡೆ ಸಾರು ಬೈರಮ್ಮನ ಕೈ ಅಡುಗೆ. ಅವಳದನ್ನೇ ಅವಳಿಗೆ ಮಾಡಿ ಬಡಿಸಿದರೆ ಬಾಯಿ ಮುಚ್ಚುತ್ತದೆಂದು ವೆಂಕಟ್‌ನ ಲೆಕ್ಕ. ಕಾಯಿ, ಶುಂಠಿ, ಚಕ್ಕೆ ರುಬ್ಬಿ ಮಸಾಲೆ ಕುದಿಯಲಿಟ್ಟ. ಅಷ್ಟರಲ್ಲಿ ಅತ್ತೆ ಬಂದಳು. ಎರಡು ಸೇರು ರಾಗಿಹಿಟ್ಟಿನ ಚೀಲ ಇಳಿಸಿ, ಮೊಮ್ಮಗಳ ತೋಳು ಹಿಡಿದು ನೋಡಿ, ಅಡುಗೆಮನೆ ಹೊಸ್ತಿಲಲ್ಲಿ ಕೂತಳು.

"ತೊಳ್ದಾ?"

"ಅಂಗಡೀಲೇ ತೊಳ್ದವ್ರೆ."

"ಅವ್ರು ತೊಳ್ದಿದ್ದನ್ನ ಹಂಗೇ ಮಗೂಗ್ ಹಾಕ್ತೀಯಾ?"

ಬೈರಮ್ಮ ಜನ್ಮದಲ್ಲಿ ಅಂಗಡಿ ಕೈಮ ತಂದವಳಲ್ಲ. ಅವಳ ಮನೆಯಲ್ಲಿ ತುಂಡು ಮಾಂಸ ತೊಳೆದು ಒರಳಲ್ಲಿ ರುಬ್ಬುತ್ತಿದ್ದರು, ರುಬ್ಬಿದ ಮೇಲೆ ಯಾರೂ ನೀರು ತೋರಿಸುತ್ತಿರಲಿಲ್ಲ. ವೆಂಕಟ್‌ಗೆ ಇದು ಗೊತ್ತಿತ್ತು. ಹೇಳಬಹುದಿತ್ತು. ಮಂಡಿಯಲ್ಲಿ ಇನ್ನೂರು ಜನರ ಗದ್ದಲದ ಮೇಲೆ ಕೂಗುವ ಗಂಟಲು ಅಡುಗೆಮನೆಯ ಹೊಸ್ತಿಲಲ್ಲಿ ಕೂತ ಒಬ್ಬ ಹೆಂಗಸಿನ ಮುಂದೆ ಏಳಲಿಲ್ಲ. ಕೈಮವನ್ನು ಜರಡಿಗೆ ಸುರಿದು ನಲ್ಲಿ ಕೆಳಗೆ ಹಿಡಿದ. ನೀರು ಕೆಂಪಗೆ ಹರಿಯಿತು.

ಹಿಂಡಿದ. ಹುರಿಗಡಲೆ ಪುಡಿ ಎರಡರಷ್ಟು ಹಾಕಿ ಕಲಸಿದ. ಉಂಡೆಗಳು ತಟ್ಟೆಯ ಮೇಲೆ ಹೇಗೋ ನಿಂತವು. ಒಂದೊಂದಾಗಿ ಕುದಿಯುವ ಸಾರಿಗೆ ಬಿಟ್ಟ. ಮೊದಲನೆಯದು ಒಂದು ಸುತ್ತು ತಿರುಗಿ ಬಿಚ್ಚಿಕೊಂಡಿತು. ಎರಡನೆಯದು ತಳ ಮುಟ್ಟುವ ಮೊದಲೇ ಕರಗಿತು. ಐದು ನಿಮಿಷಕ್ಕೆ ಪಾತ್ರೆಯಲ್ಲಿದ್ದದ್ದು ಮಳೆ ನಿಂತ ಮೇಲಿನ ಮಂಡಿ ಅಂಗಳದಂಥ ಕೆಸರು.

ಬೈರಮ್ಮ ಎದ್ದು ಬಂದು ಇಣುಕಿದಳು.

"ಏನಿದು?"

"ಉಂಡೆ."

"ಎಲ್ಲಿ?"

ವೆಂಕಟ್ ಒಲೆ ಆರಿಸಿದ. ಮುಗಿಯಿತು ಎಂದುಕೊಂಡ. ಮಗಳ ಬಟ್ಟೆ ಯಾವ ಚೀಲದಲ್ಲಿ ತುಂಬುವುದೆಂಬ ಯೋಚನೆ ಆಗಲೇ ತಲೆಗೆ ಬಂದಿತ್ತು.

ಹೋಮ್‌ವರ್ಕ್ ಬಿಟ್ಟು ಬಂದ ಶ್ರೀವಾಣಿ ಸ್ಟೂಲು ಎಳೆದು ಹತ್ತಿ ಪಾತ್ರೆ ನೋಡಿದಳು. "ಅಯ್ಯೋ ಅಪ್ಪಾ, ತೊಳ್ದುಬಿಟ್ಯಾ? ಪೆದ್ದು!"

"ಹೂಂ ಕಣೇ."

"ಸೋಸಿಬಿಡು. ಇವತ್ತು ಹೆಂಗೂ ಮೆಂತ್ಯದ ದಿನ ಅಲ್ವಾ?" ಫ್ರಿಜ್ಜಿನಿಂದ ಮೆಂತ್ಯದ ಕಟ್ಟು ತೆಗೆದು ನೆಲದ ಮೇಲೆ ಕೂತು ಎಲೆ ಬಿಡಿಸತೊಡಗಿದಳು. "ಅಜ್ಜಿ, ಕಾಲು ತೆಗಿ. ಕಡ್ಡಿ ಹಾಕೋ ಜಾಗ ಅದು."

ಅಜ್ಜಿ ಕಾಲು ತೆಗೆದಳು.

ವೆಂಕಟ್ ಸೋಸಿದ. ಬಾಣಲೆ ಕಾಯಿಸಿ, ಎಣ್ಣೆ, ಈರುಳ್ಳಿ, ಮಂಡಿಯಿಂದ ತಂದ ಮೂರು ಮೆತ್ತನೆ ಟೊಮೆಟೊ ಹಾಕಿ, ಕೈಮ ಸುರಿದು ದೊಡ್ಡ ಉರಿಯಲ್ಲಿ ನೀರು ಇಂಗುವ ತನಕ ಕೆದಕಿದ. ಕೊನೆಗೆ ಮೆಂತ್ಯ. ಇದು ಅವನಿಗೆ ಗೊತ್ತಿದ್ದ ಕೆಲಸ, ಕೈ ತಾನಾಗಿ ನಡೆಯಿತು. ಸೋಸಿದ ಸಾರಿಗೆ ಉಪ್ಪು ನೋಡಿ ಬದಿಗಿಟ್ಟು ಮುದ್ದೆ ತಿರುವಿದ. ಶ್ರೀವಾಣಿ ಯಾರೂ ಹೇಳದೆಯೇ ತಟ್ಟೆ ಹಾಕಿ ನೀರಿಟ್ಟಳು.

ಏಳೂವರೆಗೆ ಉಣ್ಣಲು ಕೂತರು. ಶ್ರೀವಾಣಿ ಒಂದು ಮುದ್ದೆ ಮುಗಿಸಿ ಇನ್ನರ್ಧ ಕೇಳಿದಳು. ಬೈರಮ್ಮ ಮೊಮ್ಮಗಳ ಬಾಯನ್ನೇ ನೋಡುತ್ತಾ ತನ್ನದನ್ನೂ ಖಾಲಿ ಮಾಡಿ ಬೆರಳು ನೆಕ್ಕಿದಳು.

"ತೊಳೆದಿದ್ದೇ ತಪ್ಪಾಯ್ತಾ?"

"ಹೂಂ."

"ಮತ್ತೆ ಹೇಳೋಕೇನು, ಬಾಯಲ್ಲಿ ಕಡುಬಿತ್ತಾ?"

ವೆಂಕಟ್ ತಟ್ಟೆಯಿಂದ ತಲೆ ಎತ್ತದೆ ಕೇಳಿದ. "ಇವಳನ್ನ ಕರ್ಕೊಂಡ್ ಹೋಗ್ತೀರಾ?"

"ಎಲ್ಲಿಗ್ ಕರ್ಕೊಂಡ್ ಹೋಗ್ಲಯ್ಯಾ?" ಬೈರಮ್ಮನ ದನಿ ಒಮ್ಮೆಲೇ ಏರಿತು. "ಮನೇಲಿ ಸಾಕಿರೋ ರೇಷ್ಮೆ ಹುಳ ನಾಲ್ಕನೇ ಪೊರೆ ಬಿಟ್ಟು ಎದ್ದೈತೆ. ಹಗಲೂ ರಾತ್ರಿ ಸೊಪ್ಪು ಸೊಪ್ಪು ಅಂತದೆ. ನನಗಿರೋದು ಎರಡೇ ಕೈ, ಅದರ ಮೇಲೆ ಈ ಮಂಡಿನೋವು. ಬಸ್ಸಲ್ಲಿ ದಾರಿಯುದ್ದಕ್ಕೂ ತಿಮ್ಮಪ್ಪನ್ನ ಬೇಡ್ಕೊಂಡ್ ಬಂದೀನಿ, ಮಗು ಚೆನ್ನಾಗಿರ್ಲಪ್ಪಾ, ನನ್ ತಲೆಗ್ ಕಟ್ಬೇಡಪ್ಪಾ ಅಂತ."

"ಮತ್ತೆ ಫೋನಲ್ಲಿ ಹಂಗಂದ್ರಿ?"

"ಅಜ್ಜಿ ಅಂದ್ಮೇಲೆ ಅನ್ಬೇಕಲ್ಲ! ಅನ್ದೇ ಇದ್ರೆ ಊರೋರು ನನ್ನ ಅಂತಾರೆ." ಸೆರಗಿನಿಂದ ಮುಖ ಒರೆಸಿಕೊಂಡಳು. "ಬೆಳಗ್ಗೆ ಮೊದಲ ಬಸ್ಸಿಗೇ ಹೋಗ್ತೀನಿ. ಪಕ್ಕದ್ಮನೆ ಮುನಿಯಲ್ಲಪ್ಪನಿಗೆ ಸೊಪ್ಪು ಹಾಕೋಕೆ ಹೇಳಿ ಬಂದೀನಿ. ಅವನೆಲ್ಲಿ ಒದ್ದೆ ಸೊಪ್ಪು ಹಾಕಿ ಹುಳ ಸಾಯಿಸ್ತಾನೋ."

"ಸೊಪ್ಪು ತೊಳೀಬಾರ್ದಾ ಅಜ್ಜಿ?" ಎಂದಳು ಶ್ರೀವಾಣಿ.

ಬೈರಮ್ಮ ಅವಳ ತಲೆಗೊಂದು ಮೊಟಕಿದಳು.

ವೆಂಕಟ್‌ಗೆ ನಗು ಬಂತು. ಅಲ್ಲಿಯವರೆಗೆ ಮುದ್ದೆ ನುಂಗಿದ್ದೇ ಗೊತ್ತಾಗಿರಲಿಲ್ಲ, ಈಗ ಹಸಿವು ಗೊತ್ತಾಯಿತು. ಬಾಣಲೆ ಹತ್ತಿರ ಎಳೆದುಕೊಂಡು ತಳ ಕೆರೆದ.

"ಮೌನಿಕಂಗೆ?" ಬೈರಮ್ಮ ಗದರಿದಳು.

"ಅವಳದು ಆಗ್ಲೇ ಡಬ್ಬೀಲಿದೆ," ಎಂದು ಅವನು ಕೆರೆಯುತ್ತಲೇ ಹೋದ.