ಹಾಲವ್ವನ ಒಡಪು

ಗಂಡ ಸತ್ತು ಮೂರು ತಿಂಗಳಾದರೂ ಹಾಲವ್ವ ಹಣೆಗೆ ಕುಂಕುಮ ಹಚ್ಚಿಕೊಂಡೇ ಜಲ್ಲಿಬುಟ್ಟಿ ಹೊರುತ್ತಿದ್ದಳು. ಕೂಲಿಗಳ ಮುಕಾದಮ ಸಾಯಬಣ್ಣನ ಹುಕುಂ ಅದು.

ಮುಂಬಯಿಯ ಮುಲುಂಡಿನಲ್ಲಿ ಒಂದು ಕಾಲೇಜಿಗೆ ಹೊಸ ಕಟ್ಟಡ ಏಳುತ್ತಿತ್ತು. ನಿಂತು ಕೆಲಸ ಮಾಡುವ ಬಿದಿರಿನ ಅಟ್ಟಣೆ, ಪರಾಂಚಿಯ ಹಳೇ ಹಗ್ಗ ಹರಿದು ಅವಳ ಗಂಡ ಪರಪ್ಪ ಮೇಲಿನಿಂದ ಬಿದ್ದ. ಪೊಲೀಸ ಬಂದು ಸತ್ತವನ ಹೆಸರು ಕೇಳಿದ. ಕಟ್ಟಿಕೊಂಡವನ ಹೆಸರನ್ನು ಹೆಂಗಸು ಬಾಯಿಬಿಟ್ಟು ಹೇಳುವುದುಂಟೇ? ಹಾಲವ್ವ ಸೆರಗು ಬಾಯಿಗೊತ್ತಿ ಸಾಯಬಣ್ಣನ ಕಡೆ ತಿರುಗಿದಳು.

"ನೀವ ಹೇಳ್ರಿ, ಯಣ್ಣಾ."

ಸಾಯಬಣ್ಣ ಪೊಲೀಸನನ್ನು ಆಚೆ ಕರೆದು ಹೇಳಿದ, ಮರಾಠಿಯಲ್ಲಿ. ಪೊಲೀಸ ಹೌದೇ ಎನ್ನುವಂತೆ ನೋಡಿದಾಗ ಅವಳು ತಲೆಯಾಡಿಸಿದಳು. ಕಾಗದಕ್ಕೆ ಬಿದ್ದದ್ದೇನು ಎಂದು ಗೊತ್ತಾಗುವ ಹೊತ್ತಿಗೆ ಹೆಣ ಬೂದಿಯಾಗಿತ್ತು. ಕಾಗದದ ಪ್ರಕಾರ ಸತ್ತವನು ಅಂಗಾರನೆಂಬ ಕಬ್ಬಿಣಗಳ್ಳ. ಕೂಲಿ ಪರಪ್ಪ ಹೇಳದೆ ಕೇಳದೆ ಊರಿಗೆ ಹೋದವನು.

"ಕಾಗದದಾಗ ನಿನ್ನ ಗಂಡ ಜೀವಂತ ಅದಾನ. ಕುಂಕುಮ ಅಳಿಸಿದ್ರ ನಾಳಿಂದ ಕೆಲಸಕ್ಕ ಬರಬ್ಯಾಡ" ಎಂದ ಸಾಯಬಣ್ಣ.

"ಆ ಕಾಗದ ರೊಟ್ಟಿ ತಿಂತೈತೇನು ಯಣ್ಣಾ, ಬಡದು ಹಾಕ್ತೀನಿ."

ಅಷ್ಟರಲ್ಲಿ ಕಾಲೇಜಿನಲ್ಲಿ 'ಶ್ರಮ ಮತ್ತು ಕಲೆ' ಸಪ್ತಾಹ ಬಂತು. ಗೋಡೆಯ ತುಂಬ ಬಿಗಿಮುಷ್ಟಿಯ ಚಿತ್ರಗಳು. ದುಡಿಯುವವರ ದನಿ ಕೇಳಬೇಕೆಂದು ಉಡುಪಿ ಕಡೆಯ ಅಧ್ಯಾಪಕ ಶೇಖರ ಕೆಲಸದ ಹೆಂಗಸರನ್ನು ಸಭೆಗೆ ಕರೆತಂದ. ಹಾಲವ್ವನನ್ನು ವೇದಿಕೆ ಹತ್ತಿಸಿದ.

"ಗಂಡನ ಹೆಸರು ಸೇರಿಸಿ ಒಡಪು ಹೇಳುವ ಕ್ರಮ ಉಂಟಲ್ಲ ಅಮ್ಮ, ಅದೊಂದು ಹೇಳಿ."

ಕೆಳಗೆ ಕೂತಿದ್ದ ಜೊತೆಗಾತಿ ಸುಂದ್ರವ್ವ ಕೈಯೆತ್ತಿದಳು. "ಆಕಿ ಬ್ಯಾಡ್ರಿ ಸರ. ಒಡಪ ಮುತ್ತೈದೇರು ಹೇಳೂದು."

"ಕುಂಕುಮ ಉಂಟಲ್ಲ ಇವರಿಗೆ?"

ಬಾಗಿಲಲ್ಲಿ ನಿಂತಿದ್ದ ಸಾಯಬಣ್ಣ ಹಲ್ಲು ಕಿಸಿದ. "ಹೇಳವಾ, ನಾಚಬ್ಯಾಡ. ಊರಾಗಿನ ಗಂಡಗ ಬಿಕ್ಕ ಹತ್ತಲಿ."

ಹಾಲವ್ವ ಮೈಕು ಹಿಡಿದಳು.

"ಹಗ್ಗ ಹಳೇದೈತಿ ಅಂದ್ರ ಮುಕಾದಮ ಕುಂತ ಗಪ್ಪ,
ಇದೇ ಕಾಲೇಜಿನ ಗ್ವಾಡಿಂದ ಬಿದ್ದು ಸತ್ತಾನ ನನ್ನ ಪರಪ್ಪ."

ಕನ್ನಡ ಬಾರದ ಹುಡುಗ ಹುಡುಗಿಯರು ಅರ್ಥಕ್ಕಾಗಿ ಶೇಖರನ ಮುಖ ನೋಡಿದರು. ಅವನು ಮುಂದಿನ ಸಾಲಿನ ಪ್ರಿನ್ಸಿಪಾಲರ ಮುಖ ನೋಡಿದ. ಗಂಡನನ್ನು ಅಕ್ಕರೆಯಿಂದ ನೆನೆದಿದ್ದಾಳೆ ಎಂದು ಇಂಗ್ಲಿಷಿನಲ್ಲಿ ಹೇಳಿದ.

ಸಭೆ ಚಪ್ಪಾಳೆ ತಟ್ಟಿತು.

ತನ್ನ ಗಂಡನ ಸಾವಿಗೆ ಯಾರೂ ಚಪ್ಪಾಳೆ ತಟ್ಟಲಾರರು ಎಂಬಷ್ಟು ಹಾಲವ್ವನಿಗೆ ಗೊತ್ತಿತ್ತು. ಶೇಖರನನ್ನು ದಿಟ್ಟಿಸಿದಳು. "ಮಾಸ್ತರ, ನೀವೂ ಸಾಯಬಣ್ಣನ ಹಂಗs ಹೇಳಿದ್ರಿ?"

ಆಮೇಲೆ ಸಭೆಯತ್ತ ತಿರುಗಿದಳು. ಆರು ವರ್ಷ ಮುಂಬಯಿಯ ಕಲ್ಲು ಹೊತ್ತು ಕಲಿತ ಹಿಂದಿಯಲ್ಲಿ, "ತಾಲಿ ನಕ್ಕೋ. ಮೇರಾ ಆದ್ಮಿ ಇಧರಿಚ್ ಗಿರ್‌ಕೇ ಮರಾ. ಚೋರ್ ನಹಿ ಥಾ. ನಾವ್ ಪರಪ್ಪ" ಎಂದಳು. ಚಪ್ಪಾಳೆ ಬೇಡ, ತನ್ನ ಗಂಡ ಬಿದ್ದು ಸತ್ತದ್ದು ಇಲ್ಲೇ, ಅವನು ಕಳ್ಳನಲ್ಲ, ಹೆಸರು ಪರಪ್ಪ ಎಂದದ್ದು ಈ ಸಲ ಎಲ್ಲರಿಗೂ ತಿಳಿಯಿತು.

ಚಪ್ಪಾಳೆ ನಿಂತಿತು. ಸಾಯಬಣ್ಣ ಮೈಕಿನ ವೈರಿನತ್ತ ಓಡಿದ. ಅವನು ಅದನ್ನು ಕಿತ್ತು ಹಾಕುವಷ್ಟರಲ್ಲಿ ಸುಂದ್ರವ್ವ ಎದ್ದು ನಿಂತಿದ್ದಳು.

"ಬಿದ್ದದ್ದು ನಾ ಕಣ್ಣಾರೆ ನೋಡೀನಿ. ಪರಪ್ಪನs ಅಂವ."

ಅವಳ ಬೆನ್ನಿಗೆ ಇನ್ನೊಬ್ಬ ಕೂಲಿಯಾಳು ಹನುಮವ್ವ ಎದ್ದಳು. "ನಾನೂ ನೋಡೀನಿ. ಯಾವ ಪೊಲೀಸ ಠಾಣಾಕ್ಕ ಬರೂದು, ಹೇಳ್ರಿ."